ಪ್ಲೇಟಿನ ಹಿಂಬದಿ

ಐವತ್ತರ ದಶಕದ ಅಮೆರಿಕದ ಏಳಿಂಚಿನ ಗ್ರಾಮಫೋನ್ ಪ್ಲೇಟೊಂದು ಕೈಗೆ ಸಿಕ್ಕಿದರೆ ಮೊದಲು ಓದಬೇಕಾದ್ದು ಹಾಡಿನ ಹೆಸರನ್ನಲ್ಲ. ಅದರ ಕೆಳಗೆ ಆವರಣದೊಳಗೆ ಸಣ್ಣಕ್ಷರದಲ್ಲಿ ಅಚ್ಚಾಗಿರುವ ಬರೆದವರ ಹೆಸರುಗಳನ್ನು. ಆಮೇಲೆ ಯಾವ ಕಂಪನಿಯ ಲೇಬಲ್ ಎಂದು ನೋಡಬೇಕು. ಆಮೇಲೆ ಹಾಡು ಮುಗಿದ ಮೇಲೆ ಮುಳ್ಳು ಸುಮ್ಮನೆ ಸುತ್ತುವ ನುಣುಪು ಜಾಗದಲ್ಲಿ ಗೀರಿರುವ ಅಂಕಿಗಳು. ಕೊನೆಗೆ ಪ್ಲೇಟನ್ನು ಮಗುಚಿ, ಮೆರೆದ ಹಾಡು ನಿಜಕ್ಕೂ ಮುಂಬದಿಯಲ್ಲಿತ್ತೋ ಹಿಂಬದಿಯಲ್ಲಿತ್ತೋ ಎಂದು ನೋಡಬೇಕು. ನಾಲ್ಕೈದು ಜನ ದನಿ ಕೂಡಿಸಿ ಹಾಡುವ ಡೂ-ವಾಪ್ ಗುಂಪುಗಳ ವಿಷಯದಲ್ಲಿ ಹಾಡಿಗಿಂತ ಹೆಚ್ಚಿನ ಕತೆ ಈ ನಾಲ್ಕು ಕಡೆ ಇರುತ್ತದೆ.

ಎಲ್ವಿಸ್ ಪ್ರೆಸ್ಲಿ, ಚಕ್ ಬೆರಿ ಹೆಸರು ಕೇಳದವರು ಕಡಿಮೆ. ಅದೇ ವರ್ಷಗಳಲ್ಲಿ ನಾಲ್ಕೈದು ಹುಡುಗರು ಬೀದಿ ಮೂಲೆಯಲ್ಲೋ ಶಾಲೆಯ ಮೆಟ್ಟಿಲಲ್ಲೋ ದನಿ ಕೂಡಿಸಿಕೊಂಡು, ಒಂದೇ ಒಂದು ಪ್ಲೇಟಿನಿಂದ ದೇಶವೆಲ್ಲ ಕೇಳಿಸಿ, ಮರುವರ್ಷ ಹೇಳಹೆಸರಿಲ್ಲದಂತಾದ ಗುಂಪುಗಳು ನೂರಾರು. ಡೂ-ವಾಪ್ ಎಂಬ ಹೆಸರೂ ಆ ಕಾಲದ್ದಲ್ಲ. ಅದು ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1961ರಲ್ಲಿ, ಷಿಕಾಗೊ ಡಿಫೆಂಡರ್ ಪತ್ರಿಕೆಯಲ್ಲಿ. ಅಷ್ಟರಲ್ಲಿ ಭರಾಟೆ ಇಳಿಮುಖವಾಗುತ್ತಿತ್ತು.

ಒಂದು ಪ್ಲೇಟನ್ನು ಹತ್ತಿರದಿಂದ ನೋಡೋಣ. 'ಇನ್ ದಿ ಸ್ಟಿಲ್ ಆಫ್ ದಿ ನೈಟ್', ಹಾಡಿದವರು ಫೈವ್ ಸ್ಯಾಟಿನ್ಸ್. ಕೋಲ್ ಪೋರ್ಟರ್‌ನ ಹಳೆಯ ಹಾಡಿಗೂ ಇದೇ ಹೆಸರು ಇದ್ದದ್ದರಿಂದ ಕೊನೆಯ ಪದದ ಇಂಗ್ಲಿಷ್ ಕಾಗುಣಿತವನ್ನು ಬೇಕೆಂದೇ Nite ಎಂದು ಬದಲಿಸಿದ್ದಾರೆ. ಬರೆದವರು ಫ್ರೆಡ್ ಪ್ಯಾರಿಸ್. ಸೈನ್ಯದಲ್ಲಿದ್ದಾಗ ರಾತ್ರಿ ಪಹರೆಯ ಹೊತ್ತಿನಲ್ಲಿ ಹುಟ್ಟಿದ ಹಾಡು. ರೆಕಾರ್ಡ್ ಆದದ್ದು 1956ರ ಫೆಬ್ರವರಿಯಲ್ಲಿ, ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನ ಸೇಂಟ್ ಬರ್ನಡೆಟ್ ಚರ್ಚಿನ ನೆಲಮಾಳಿಗೆಯಲ್ಲಿ. ಸ್ಯಾಕ್ಸೊಫೋನ್ ನುಡಿಸಿದ ವಿನ್ನಿ ಮಾಜೆಟ್ಟ ಆ ಚರ್ಚಿಗೆ ಸೇರಿದವರು, ಜಾಗ ಸಿಕ್ಕಿದ್ದು ಅವರಿಂದ. ಹಿಂದಿನ ದನಿಗಳಿಗಿರುವ ಆ ಮಬ್ಬು, ಪದದ ಅಂಚು ಕರಗಿಹೋದಂಥ ಗುಣ, ಯಾವುದೇ ಯಂತ್ರದ್ದಲ್ಲ. ಬರಿಗೋಡೆಯ ಕೋಣೆಯಲ್ಲಿ ಹಾಡುಗಾರರು ಮೈಕಿನಿಂದ ದೂರ ನಿಂತಷ್ಟೂ, ಬಾಯಿಂದ ನೇರ ಬರುವ ದನಿ ಇಳಿದು ಗೋಡೆಗೆ ಬಡಿದು ಬರುವ ದನಿ ಏರುತ್ತದೆ. ಒಳ್ಳೆಯ ಸ್ಟುಡಿಯೊದಲ್ಲಾಗಿದ್ದರೆ ಎಂಜಿನಿಯರ್ ಅದನ್ನು ದೋಷ ಎಂದು ತೆಗೆದುಹಾಕುತ್ತಿದ್ದರು.

ಹಾಡು ಮೊದಲು ಬಂದದ್ದು ಸ್ಟ್ಯಾಂಡರ್ಡ್ ಎಂಬ ಪುಟ್ಟ ಸ್ಥಳೀಯ ಲೇಬಲ್‌ನಲ್ಲಿ, ಅದೂ ಹಿಂಬದಿಯಲ್ಲಿ. ಮುಂಬದಿಯಲ್ಲಿದ್ದದ್ದು 'ದಿ ಜೋನ್ಸ್ ಗರ್ಲ್'. ನ್ಯೂಯಾರ್ಕಿನ ಎಂಬರ್ ಲೇಬಲ್ ಅದನ್ನು ಎತ್ತಿಕೊಂಡ ಮೇಲೆ ದೇಶದ ಪಾಪ್ ಹಾಡುಗಳ ಜನಪ್ರಿಯತೆಯ ಪಟ್ಟಿಯಲ್ಲಿ 24ನೇ ಜಾಗಕ್ಕೆ ಬಂತು. ಅದು ಏರುತ್ತಿದ್ದಾಗ ಬರೆದು ಹಾಡಿದ ಪ್ಯಾರಿಸ್ ಸೈನ್ಯದ ಕೆಲಸದ ಮೇಲೆ ಜಪಾನಿನಲ್ಲಿದ್ದರು. ಊರಲ್ಲಿ ಉಳಿದವರು ಬಿಲ್ ಬೇಕರ್ ಎಂಬ ಬೇರೆ ಗಾಯಕನನ್ನು ಮುಂದೆ ನಿಲ್ಲಿಸಿಕೊಂಡು ಕಾರ್ಯಕ್ರಮ ನಡೆಸಿದರು. 1957ರಲ್ಲಿ ಬಂದ ಗುಂಪಿನ ಇನ್ನೊಂದು ಹಿಟ್ 'ಟು ದಿ ಐಲ್'ನಲ್ಲಿ ಕೇಳುವುದು ಬೇಕರ್ ದನಿ, ಪ್ಯಾರಿಸ್ ಅವರದಲ್ಲ. ಒಂದೇ ಹೆಸರು, ಬೇರೆ ಬಾಯಿ. ಈ ಗುಂಪುಗಳ ಮಟ್ಟಿಗೆ ಇದು ಮಾಮೂಲು.

ಹಿಂಬದಿಯ ಹಾಡು ಗೆದ್ದ ಕತೆ ಇದೊಂದೇ ಅಲ್ಲ. ಪೆಂಗ್ವಿನ್ಸ್ ಹಾಡಿದ 'ಅರ್ಥ್ ಏಂಜೆಲ್' 1954ರಲ್ಲಿ 'ಹೇ ಸೆನ್ಯೊರಿಟಾ'ದ ಬೆನ್ನಿಗಿತ್ತು. ಅದೇ ವರ್ಷ ನ್ಯೂಯಾರ್ಕಿನ ಬ್ರಾಂಕ್ಸ್‌ನ ಕಾರ್ಡ್ಸ್ ಗುಂಪಿನ 'ಷ್-ಬೂಮ್' ಕೂಡ ಹಿಂಬದಿಯದೇ. ಮುಂಬದಿಯಲ್ಲಿ ಗಾಯಕಿ ಪ್ಯಾಟಿ ಪೇಜ್ ಆಗಲೇ ಗೆಲ್ಲಿಸಿದ್ದ ಹಾಡೊಂದನ್ನು ಮತ್ತೆ ಹಾಡಿಸಿದ್ದರು. ಫಿಲಡೆಲ್ಫಿಯಾದ ಸಿಲೂಎಟ್ಸ್ ಗುಂಪಿನ 'ಗೆಟ್ ಎ ಜಾಬ್', 1958ರಲ್ಲಿ ಒಂದನೇ ಸ್ಥಾನಕ್ಕೇರಿದ್ದು, ಅದೂ ಹಿಂಬದಿ. ಕಂಪನಿಯವರ ತಲೆಯಲ್ಲಿದ್ದದ್ದು ಸರಳ ಲೆಕ್ಕ: ಜನಕ್ಕೆ ಗೊತ್ತಿರುವಂಥದ್ದು, ಕುಣಿಸುವಂಥದ್ದು ಮುಂದೆ, ಹುಡುಗರು ತಾವೇ ಕಟ್ಟಿ ತಂದದ್ದು ಹಿಂದೆ, ಜಾಗ ತುಂಬಲು. ರೇಡಿಯೊದವರು ಪ್ಲೇಟು ಮಗುಚಿ ಹಾಕಿದ್ದರಿಂದ ಲೆಕ್ಕ ತಪ್ಪಿತು. ಕಂಪನಿ ಹೆಚ್ಚು ಕೈಯಾಡಿಸದೆ ಬಿಟ್ಟ ಬದಿ ಅದಾದ್ದರಿಂದಲೇ ಅಲ್ಲಿ ಹುಡುಗರ ಸ್ವಂತ ದನಿ ಉಳಿದಿದೆ ಎಂದು ನನ್ನ ಅಂದಾಜು.

'ಅರ್ಥ್ ಏಂಜೆಲ್' ಅಂತೂ ಮುಗಿದ ಕೆಲಸವೇ ಅಲ್ಲ, ಮಾದರಿ ರೆಕಾರ್ಡಿಂಗ್. ದಕ್ಷಿಣ ಲಾಸ್ ಏಂಜಲೀಸ್‌ನಲ್ಲಿ ಬಾಸ್ ವಾದಕ ಟೆಡ್ ಬ್ರಿನ್‌ಸನ್ ಅವರ ಮನೆಯ ಗ್ಯಾರೇಜು, ಒಂದೇ ಟ್ರ್ಯಾಕಿನ ಟೇಪ್ ಯಂತ್ರ. ಡ್ರಮ್ಮಿನ ಸದ್ದು ದನಿಯನ್ನು ನುಂಗದಿರಲೆಂದು ಅದಕ್ಕೆ ದಿಂಬು ತುರುಕಿದ್ದರು. ಪಕ್ಕದ ಮನೆಯ ನಾಯಿ ಬೊಗಳಿದಾಗಲೆಲ್ಲ ಮೊದಲಿಂದ ಹಾಡಬೇಕು. ಆಮೇಲೆ ಇನ್ನಷ್ಟು ವಾದ್ಯ ಸೇರಿಸುವ ಯೋಚನೆ ಡೂಟೋನ್ ಕಂಪನಿಯ ಡೂಟ್ಸಿ ವಿಲಿಯಮ್ಸ್ ಅವರಿಗಿತ್ತು. ಅಷ್ಟರಲ್ಲಿ ಆ ಕಚ್ಚಾ ಪ್ರತಿಯನ್ನೇ ಒಂದು ರೆಕಾರ್ಡ್ ಅಂಗಡಿಯಿಂದ ನಡೆಯುತ್ತಿದ್ದ ರೇಡಿಯೊ ಕಾರ್ಯಕ್ರಮದಲ್ಲಿ ಹಾಕಿಸಿದ್ದರು. ಕೇಳಿದವರು ಬಿಡಲಿಲ್ಲ, ಇದ್ದ ಹಾಗೇ ಅಚ್ಚು ಹಾಕಬೇಕಾಯಿತು. ಬೇಡಿಕೆ ಎಷ್ಟೆಂದರೆ ಲೇಬಲ್ಲಿನ ಕಾಗದ ಮುಗಿದು, ಸಿಕ್ಕ ಬಣ್ಣದ ಕಾಗದದಲ್ಲಿ ಮುದ್ರಿಸಿದರು. ಡೂಟೋನ್ 348 ಎಂಬ ಒಂದೇ ಸಂಖ್ಯೆಯ ಪ್ಲೇಟಿಗೆ ಕೆಂಪು, ಕಡುಗೆಂಪು, ನೀಲಿ, ಕಪ್ಪು ಲೇಬಲ್‌ಗಳು ಸಿಗುವುದು ಹೀಗೆ.

ಈ ಹಾಡುಗಳ ಒಳಕಟ್ಟು ನಮ್ಮ ಸರಿಗಮ ಗೊತ್ತಿದ್ದವರಿಗೆ ಹತ್ತು ನಿಮಿಷದಲ್ಲಿ ಹಿಡಿತಕ್ಕೆ ಬರುತ್ತದೆ. ಶಂಕರಾಭರಣದ ಸ್ವರಗಳನ್ನು ಇಟ್ಟುಕೊಳ್ಳಿ. ಒಟ್ಟಿಗೆ ಹಾಡುವ ಮೂರು ಸ್ವರಗಳ ನಾಲ್ಕು ಗೊಂಚಲು: ಸ-ಗ-ಪ, ದ-ಸ-ಗ, ಮ-ದ-ಸ, ಪ-ನಿ-ರಿ. ಇದೇ ಸುತ್ತು ಮತ್ತೆ ಮತ್ತೆ. ನಿಧಾನದ ಹಾಡಾದರೆ ನಾಲ್ಕು ಅಕ್ಷರದ ಆವರ್ತ, ತಿಶ್ರ ನಡೆ: ಪ್ರತಿ ಅಕ್ಷರಕ್ಕೂ ಒಂದು 'ತಕಿಟ', ಆವರ್ತಕ್ಕೆ ಪಿಯಾನೊದ ಹನ್ನೆರಡು ಬಡಿತ. ಮೊದಲ ಗೊಂಚಲಿಂದ ಎರಡನೆಯದಕ್ಕೆ ಹೋಗುವಾಗ ಸ, ಗ ಹಾಡುತ್ತಿದ್ದವರು ನಿಂತಲ್ಲೇ ನಿಲ್ಲಬಹುದು, ಪಂಚಮದವನೊಬ್ಬ ದೈವತಕ್ಕೆ ಏರಿದರೆ ಸಾಕು. ಎರಡರಿಂದ ಮೂರಕ್ಕೆ ಹೋಗುವಾಗಲೂ ಗಾಂಧಾರದವನೊಬ್ಬನೇ ಮಧ್ಯಮಕ್ಕೆ ಸರಿಯಬೇಕು. ಸಂಗೀತ ಓದಲು ಬಾರದ ಹದಿನಾರರ ಹುಡುಗರಿಗೂ ಇದು ಕಿವಿಯಲ್ಲೇ ಸಿಗುವುದು ಅದಕ್ಕೇ.

ತೊಡಕು ಇರುವುದು ಮೂರರಿಂದ ನಾಲ್ಕಕ್ಕೆ ದಾಟುವಾಗ. ಮ-ದ-ಸ, ಪ-ನಿ-ರಿ ನಡುವೆ ಒಂದೂ ಸಮಾನ ಸ್ವರ ಇಲ್ಲ. ಎಲ್ಲರೂ ಒಟ್ಟಿಗೆ ಮೇಲಕ್ಕೆ ಜಾರಿದರೆ ಗುಂಪು ಗೋಡೆ ಕುಸಿದ ಹಾಗೆ ಕೇಳುತ್ತದೆ. ಪಳಗಿದವರು ಮಾಡುವುದಿಷ್ಟೆ: ಮಂದ್ರದವನು ಮಧ್ಯಮದಿಂದ ಪಂಚಮಕ್ಕೆ ಏರುತ್ತಾನೆ, ಮೇಲಿನ ಮೂವರು ಇಳಿಯುತ್ತಾರೆ, ದೈವತದವನು ಪಂಚಮಕ್ಕೆ, ಷಡ್ಜದವನು ನಿಷಾದಕ್ಕೆ, ಮಧ್ಯಮದವನು ರಿಷಭಕ್ಕೆ. ವಾದ್ಯವಿಲ್ಲದೆ ಹಾಡುವಾಗ ಇನ್ನೊಂದು ಕಾಟ: ಸುತ್ತು ಸುತ್ತಿಗೂ ಶ್ರುತಿ ಕೂದಲೆಳೆಯಷ್ಟು ಇಳಿಯುತ್ತದೆ, ಅದರಲ್ಲೂ ಗಾಂಧಾರ ಹಿಡಿದವನಿಂದ. ಎರಡು ನಿಮಿಷದ ಹಾಡಿನ ಕೊನೆಗೆ ಪಿಯಾನೊದ ಮನೆಯೊಂದನ್ನು ಒತ್ತಿ ನೋಡಿದರೆ ಗೊತ್ತಾಗುತ್ತದೆ.

ದನಿಗಳ ಹಂಚಿಕೆ ಸಾಮಾನ್ಯವಾಗಿ ಐದು: ಮುಂದಾಳು, ಅವನ ಮೇಲೆ ಕಳ್ಳದನಿಯಲ್ಲಿ (ಫಾಲ್ಸೆಟ್ಟೊ) ತೇಲುವ ಮೊದಲ ಟೆನರ್ ಅಂದರೆ ಎತ್ತರದ ಗಂಡುದನಿ, ಎರಡನೇ ಟೆನರ್, ನಡುದನಿಯ ಬ್ಯಾರಿಟೋನ್, ತಳಕ್ಕೆ ಬಾಸ್. ಬಾಸ್ ಹಾಡುಗಾರ ಮಾಡುವುದು ನಿಂತು ನುಡಿಸುವ ದೊಡ್ಡ ತಂತಿವಾದ್ಯದ ಅನುಕರಣೆ. ಉಳಿದವರ 'ಊ', 'ವಾ', 'ಡೂ'ಗಳಿಗೆ ಅರ್ಥವಿಲ್ಲ ಎಂದು ನಗುವವರು ನಮ್ಮ ತರಿಕಿಟ-ತೋಂಗಳಿಗೂ ನಗಬೇಕಾಗುತ್ತದೆ. ಹಿಂದಿನವರೂ ಪದ ಹಾಡಿದರೆ ಮುಂದಾಳಿನ ಪದಕ್ಕೆ ಡಿಕ್ಕಿ. 'ಊ' ಎಂದರೆ ಮೂವರ ಬಾಯಿಯ ಆಕಾರವೂ ಒಂದೇ, ಯಾವ ದನಿ ಯಾರದು ಎಂಬುದು ಅಳಿಸಿಹೋಗುತ್ತದೆ, ಬೇಕಾದ್ದೂ ಅದೇ.

ಒಂದೇ ಮೈಕು ಇದ್ದಲ್ಲಿ ಮಿಕ್ಸಿಂಗ್ ಎಂದರೆ ಹೆಜ್ಜೆ ಲೆಕ್ಕ. ಮೈಕಿನಿಂದ ದೂರ ಇಮ್ಮಡಿಯಾದರೆ ನೇರ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಹಾಗಾಗಿ ಮುಂದಾಳು ಮೈಕಿಗೆ ಹತ್ತಿರ, ಉಳಿದವರು ಅರ್ಧಚಂದ್ರವಾಗಿ ಹಿಂದೆ. ಬಾಸ್‌ನವನ ಸರದಿ ಬಂದಾಗ ಒಂದು ಹೆಜ್ಜೆ ಮುಂದೆ, ಮುಗಿದ ತಕ್ಷಣ ಹಿಂದೆ. ಹಿಂದೆ ಸರಿಯಲು ಮರೆತರೆ ಮುಂದಿನ ಸಾಲು ಹಾಳು. ಆಮೇಲೆ ಸರಿಪಡಿಸುವ ದಾರಿ ಇಲ್ಲ, ಇಡೀ ಹಾಡು ಮತ್ತೆ.

ರೋಸಿ ಅಂಡ್ ದಿ ಒರಿಜಿನಲ್ಸ್ ಗುಂಪಿನ 'ಏಂಜೆಲ್ ಬೇಬಿ' ಈ ಬಗೆಯ ಕೆಲಸದ ತುತ್ತತುದಿ. 1960ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಮಾರ್ಕೋಸ್‌ನಲ್ಲಿ, ಹಳೆಯ ವಿಮಾನದ ಶೆಡ್ಡೊಂದರಲ್ಲಿ ಮಾಡಿದ್ದು. ರೋಸಿ ಹ್ಯಾಮ್ಲಿನ್‌ಗೆ ಆಗ 15 ವರ್ಷ. ಸ್ಯಾಕ್ಸೊಫೋನ್ ಹುಡುಗ ಅಂದು ಮನೆಗೆಲಸ ಮುಗಿಸದೆ ಬರುವ ಹಾಗಿರಲಿಲ್ಲ; ಬಾಸ್ ಗಿಟಾರಿನವನೇ ಸ್ಯಾಕ್ಸೊಫೋನ್ ಎತ್ತಿಕೊಂಡ. ನಡುವೆ ಬರುವ ಆ ತಡವರಿಸುವ ತುಣುಕು ಅವನದು. ಅದನ್ನು ಕೆಟ್ಟದಾಗಿದೆ ಎನ್ನಲು ಅಡ್ಡಿಯಿಲ್ಲ, ಕೆಟ್ಟದಾಗಿಯೇ ಇದೆ. ಆದರೆ ಪಳಗಿದ ಕೈಯೊಂದು ಅಲ್ಲಿ ನುಡಿಸಿದ್ದರೆ ಆ ಹುಡುಗಿಯ ದನಿ ಎಷ್ಟು ಎಳಸು ಎಂಬುದು ಎದ್ದು ಕಾಣುತ್ತಿತ್ತು. ಈಗ ಎರಡೂ ಒಂದೇ ಮನೆಯವರ ಹಾಗಿವೆ. ಹಾಡು 5ನೇ ಜಾಗಕ್ಕೆ ಏರಿತು. ಲೇಬಲ್ಲಿನ ಮೇಲೆ ಬರೆದವರೆಂದು ಅಚ್ಚಾದದ್ದು ಗುಂಪಿನ ಹಿರಿಯ ಹುಡುಗನ ಹೆಸರು, ರೋಸಿಯದ್ದಲ್ಲ. ತಾನೇ ಬರೆದ ಹಾಡಿನ ಹಣಕ್ಕಾಗಿ ಆಕೆ ವರ್ಷಗಟ್ಟಲೆ ಹೋರಾಡಬೇಕಾಯಿತು.

ಆವರಣದೊಳಗಿನ ಆ ಸಣ್ಣಕ್ಷರ ಯಾಕೆ ಅಷ್ಟು ಮುಖ್ಯ? ಅಮೆರಿಕದ 1909ರ ಕಾಪಿರೈಟ್ ಕಾಯಿದೆ ಪ್ರಕಾರ ಅಚ್ಚಾದ ಪ್ರತಿ ಪ್ಲೇಟಿಗೆ, ಪ್ರತಿ ಹಾಡಿಗೆ 2 ಸೆಂಟ್ ಹಾಡಿನ ಒಡೆಯರಿಗೆ ಸೇರಬೇಕಿತ್ತು. ಈ ದರ 1978ರ ತನಕ ಅಲುಗಲಿಲ್ಲ. ರೂಢಿಯಂತೆ ಅದರಲ್ಲಿ ಅರ್ಧ ಪ್ರಕಾಶಕರಿಗೆ, ಅರ್ಧ ಬರೆದವರಿಗೆ. ಮುಂಬದಿಗೂ 2 ಸೆಂಟ್, ಹಿಂಬದಿಗೂ 2 ಸೆಂಟ್. ಜನ ಕೊಂಡದ್ದು ಯಾವ ಬದಿಗೆ ಎಂದು ಯಾರೂ ಕೇಳುವುದಿಲ್ಲ. ಆದ್ದರಿಂದ ಕಂಪನಿಯ ಮಾಲೀಕ, ರೇಡಿಯೊ ನಿರೂಪಕ, ಮ್ಯಾನೇಜರ್ ಎಲ್ಲರಿಗೂ ಆ ಆವರಣದೊಳಗೆ ತಮ್ಮದೊಂದು ಹೆಸರು ತೂರಿಸುವ ಆಸೆ. ಚಕ್ ಬೆರಿಯ 'ಮೇಬಲೀನ್'ಗೆ, ಮೂನ್‌ಗ್ಲೋಸ್ ಗುಂಪಿನ 'ಸಿನ್ಸಿಯರ್ಲಿ'ಗೆ ರೇಡಿಯೊ ನಿರೂಪಕ ಅಲನ್ ಫ್ರೀಡ್ ಹೆಸರು ಸೇರಿದ್ದು ಹೀಗೆ.

ಬರಿ ಹಾಡಿದವರ ಲೆಕ್ಕ ಇನ್ನೂ ತೆಳು. ಒಂದು ಉದಾಹರಣೆ ಹಾಕಿ ನೋಡಿ. ಪ್ಲೇಟಿನ ಬೆಲೆ 89 ಸೆಂಟ್. ಒಪ್ಪಂದ ಶೇ 3 ಎಂದಿಟ್ಟುಕೊಳ್ಳಿ, ಅಂದರೆ 2.67 ಸೆಂಟ್. ಅದನ್ನೂ ಕೊಡುತ್ತಿದ್ದದ್ದು ಮಾರಾಟದ ಶೇ 90ಕ್ಕೆ ಮಾತ್ರ. ಉಳಿದ ಹತ್ತು 'ಒಡೆದುಹೋದ ಪ್ಲೇಟು'ಗಳಿಗಂತೆ. ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ಪ್ಲೇಟುಗಳ ಕಾಲದ ರೂಢಿ, ಒಡೆಯದ ಪ್ಲಾಸ್ಟಿಕ್ ಬಂದ ಮೇಲೂ ಬಿಡಲಿಲ್ಲ. (ಆ ಅರಗು ಬಹುಪಾಲು ಹೋಗುತ್ತಿದ್ದದ್ದು ಭಾರತದಿಂದ.) ಉಳಿದದ್ದನ್ನು ಐವರಿಗೆ ಹಂಚಿದರೆ ಒಬ್ಬನಿಗೆ ಪ್ಲೇಟಿಗೆ ಅರ್ಧ ಸೆಂಟಿಗೂ ಕಡಿಮೆ. ಲಕ್ಷ ಪ್ಲೇಟು ಮಾರಿದರೆ ತಲೆಗೆ 480 ಡಾಲರ್. ಅದಕ್ಕೂ ಮೊದಲು ಸ್ಟುಡಿಯೊ ಬಾಡಿಗೆ, ವಾದ್ಯದವರ ಕೂಲಿ ಮುರಿದುಕೊಳ್ಳಬೇಕು. ಹಾಗಾಗಿ ದುಡ್ಡು ಇದ್ದದ್ದು ಆ ಆವರಣದೊಳಗೆ.

ಫ್ರಾಂಕಿ ಲೈಮನ್ ಮತ್ತು ಟೀನೇಜರ್ಸ್ ಗುಂಪಿನ 1956ರ 'ವೈ ಡು ಫೂಲ್ಸ್ ಫಾಲ್ ಇನ್ ಲವ್' ಪ್ರಕರಣ ನ್ಯಾಯಾಲಯದ ದಾಖಲೆಯಲ್ಲೇ ಇದೆ. ಗುಂಪಿನ ಹರ್ಮನ್ ಸಾಂತಿಯಾಗೊ, ಜಿಮ್ಮಿ ಮರ್ಚೆಂಟ್ ತಾವೂ ಬರೆದವರೆಂದು ದಾವೆ ಹೂಡಿದರು. 1992ರಲ್ಲಿ ಜ್ಯೂರಿ ಒಪ್ಪಿತು. 1996ರಲ್ಲಿ ಮೇಲಿನ ನ್ಯಾಯಾಲಯ ಅದನ್ನು ತಳ್ಳಿಹಾಕಿತು: ಕಾಪಿರೈಟ್ ತಕರಾರಿಗೆ ಮೂರು ವರ್ಷದ ಗಡುವು, ಅದು ಎಂದೋ ಮೀರಿತ್ತು. ಬರೆದದ್ದು ಸುಳ್ಳೆಂದಲ್ಲ, ತಡವಾಗಿ ಬಂದಿರೆಂದು.

ಇನ್ನು ನಕಲು. ಕಾಯಿದೆ ಕಾಪಾಡುತ್ತಿದ್ದದ್ದು ಹಾಡಿನ ಸಾಹಿತ್ಯ ಮತ್ತು ರಾಗವನ್ನು. ಹಿಂದಿನ 'ಡೂ ಡೂ' ಎಲ್ಲಿ ಬರಬೇಕು, ಸ್ಯಾಕ್ಸೊಫೋನ್ ಎಲ್ಲಿ ಹೊಗಬೇಕು ಎಂಬ ಕಟ್ಟುವಿಕೆಯನ್ನಲ್ಲ. ಒಮ್ಮೆ ಪ್ಲೇಟು ಹೊರಬಂದ ಮೇಲೆ 2 ಸೆಂಟ್ ಕೊಟ್ಟರೆ ಯಾರು ಬೇಕಾದರೂ ಹಾಡಬಹುದಿತ್ತು, ಅಪ್ಪಣೆ ಬೇಕಿರಲಿಲ್ಲ. ಕೆನಡಾದ ಬಿಳಿಯರ ಗುಂಪು ಕ್ರೂ ಕಟ್ಸ್, ಮರ್ಕ್ಯುರಿ ಕಂಪನಿಗೆ 'ಷ್-ಬೂಮ್' ಹಾಡಿ ಒಂಬತ್ತು ವಾರ ಒಂದನೇ ಸ್ಥಾನದಲ್ಲಿ ಕೂತಿತು. ಮರುವರ್ಷ 'ಅರ್ಥ್ ಏಂಜೆಲ್'ಗೂ ಕೈ ಹಾಕಿ 3ನೇ ಜಾಗಕ್ಕೇರಿತು. ಪಾಪ್ ಪಟ್ಟಿಯಲ್ಲಿ ಪೆಂಗ್ವಿನ್ಸ್ 8ಕ್ಕೇ ನಿಂತರು, ಕರಿಯರ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ ಮಾತ್ರ ಒಂದನೆಯವರು. ಗಾಯಕಿ ಲವರ್ನ್ ಬೇಕರ್ 1955ರಲ್ಲಿ ಈ ಬಗ್ಗೆ ಸಂಸತ್ ಸದಸ್ಯರೊಬ್ಬರಿಗೆ ಪತ್ರ ಬರೆದು ಕಾಯಿದೆ ತಿದ್ದಲು ಕೇಳಿದರು. ಏನೂ ಆಗಲಿಲ್ಲ.

ಗೆಲುವೇ ಕಂಪನಿಯನ್ನು ಮುಳುಗಿಸುವುದೂ ಇತ್ತು. ಪ್ಲೇಟು ಒತ್ತುವ ಕಾರ್ಖಾನೆಗೆ ಹಣ ಮುಂಗಡ. ವಿತರಕರು ಕೊಡುವುದು ತಿಂಗಳುಗಳ ಮೇಲೆ, ಮಾರದೆ ಉಳಿದದ್ದನ್ನು ವಾಪಸು ಕಳಿಸುವ ಹಕ್ಕು ಬೇರೆ. ಬೇಡಿಕೆ ಏರಿದಷ್ಟೂ ಕೈಯಿಂದ ಹೋಗುವ ಹಣ ಜಾಸ್ತಿ. ಅದಕ್ಕೇ ಸಣ್ಣವರು ಹಾಡು ಏಳುವ ಸೂಚನೆ ಕಂಡೊಡನೆ ದೊಡ್ಡವರಿಗೆ ಒಪ್ಪಿಸುತ್ತಿದ್ದರು. 'ಗೆಟ್ ಎ ಜಾಬ್' ಜೂನಿಯರ್‌ನಿಂದ ಎಂಬರ್‌ಗೆ, ನ್ಯೂವಾರ್ಕಿನ ಮಾನೊಟೋನ್ಸ್ ಹಾಡಿದ 'ಬುಕ್ ಆಫ್ ಲವ್' ಮ್ಯಾಸ್ಕಾಟ್‌ನಿಂದ ಆರ್ಗೊಗೆ. ಮೊದಲ ಒತ್ತು ಹುಡುಕುವವರು ಈ ಜೋಡಿಗಳಲ್ಲಿ ಮೊದಲ ಲೇಬಲ್ಲಿನ ಹೆಸರನ್ನು ಬಾಯಿಪಾಠ ಮಾಡಿರುತ್ತಾರೆ.

ಒಹಾಯೊದ ಎಡ್ಸೆಲ್ಸ್ ಗುಂಪಿನದು ತಮಾಷೆಯ ಕತೆ. ಫೋರ್ಡ್ ಕಂಪನಿ 1957ರಲ್ಲಿ ಬಿಟ್ಟ ಹೊಸ ಕಾರಿನ ಹೆಸರನ್ನೇ ಇಟ್ಟುಕೊಂಡಿದ್ದರು. 1958ರಲ್ಲಿ ಬಂದ ಅವರ 'ರಾಮಾ ಲಾಮಾ ಡಿಂಗ್ ಡಾಂಗ್' ಲೇಬಲ್ಲಿನಲ್ಲಿ 'ಲಾಮಾ ರಾಮಾ' ಎಂದು ತಿರುವುಮುರುವಾಗಿ ಅಚ್ಚಾಗಿತ್ತು, ಓಡಲಿಲ್ಲ. 1961ರಲ್ಲಿ ಪಿಟ್ಸ್‌ಬರ್ಗಿನ ಮಾರ್ಸೆಲ್ಸ್ ಹಾಡಿದ 'ಬ್ಲೂ ಮೂನ್' ಒಂದನೇ ಸ್ಥಾನಕ್ಕೇರಿದಾಗ, ರೇಡಿಯೊದವರೊಬ್ಬರು ಅದರ ಬೆನ್ನಿಗೇ ಈ ಹಳೆಯ ಪ್ಲೇಟು ಹಾಕಿದರು, ಬಾಸ್ ದನಿಯ ಆರಂಭ ಎರಡರಲ್ಲೂ ಒಂದೇ ಬಗೆ. ಹಾಡು 21ಕ್ಕೆ ಬಂತು. ಅಷ್ಟರಲ್ಲಿ ಕಾರಿನ ಉತ್ಪಾದನೆಯೇ ನಿಂತು ವರ್ಷ ಕಳೆದಿತ್ತು.

ಇವನ್ನು ಇಂದು ಕೇಳಬೇಕೆನ್ನುವವರು ಮೊದಲು ಎಚ್ಚರ ವಹಿಸಬೇಕಾದ್ದು ಮರುಹಾಡಿಕೆಗಳ ಬಗ್ಗೆ. ಮೂಲ ಟೇಪು ಕಂಪನಿಯ ಕೈಯಲ್ಲಿ ಉಳಿದದ್ದರಿಂದ ಎಷ್ಟೋ ಗುಂಪುಗಳು ಅದೇ ಹಾಡನ್ನು ವರ್ಷಗಳ ನಂತರ ಬೇರೆಯವರಿಗೆ ಮತ್ತೆ ಹಾಡಿಕೊಟ್ಟಿವೆ. ಸ್ಟ್ರೀಮಿಂಗ್‌ನಲ್ಲಿ ಅವೂ ಅದೇ ಹೆಸರಲ್ಲಿ ಬರುತ್ತವೆ. ಗುರುತು ಸುಲಭ. 1956ರ ಸಣ್ಣ ಲೇಬಲ್ಲಿನ ಹಾಡು ಎಡ-ಬಲ ಚೆನ್ನಾಗಿ ಹರಡಿಕೊಂಡು, ಡ್ರಮ್ ಒಂದು ಕಿವಿ, ಗಿಟಾರ್ ಇನ್ನೊಂದು ಕಿವಿಯಲ್ಲಿ ಕೇಳಿದರೆ ಅದು ಮೂಲವಲ್ಲ. ಅರವತ್ತರ ದಶಕದ ಎಲ್‌ಪಿಗಳಲ್ಲಿ ಇನ್ನೊಂದು ಮೋಸ: ಎಡ-ಬಲವಿಲ್ಲದ ಮಾನೊ ಟೇಪನ್ನೇ ಸೀಳಿ, ತಾರಕ ಒಂದು ಕಡೆ, ಮಂದ್ರ ಇನ್ನೊಂದು ಕಡೆ ಮಾಡಿ ಸ್ಟೀರಿಯೊ ಎಂದು ಮಾರಿದ್ದು. ಅದರಲ್ಲಿ ದನಿಗಳ ಬೆಸುಗೆಯೇ ಬಿಟ್ಟುಹೋಗಿರುತ್ತದೆ.

ಮೂಲ ಪ್ಲೇಟೇ ಇದ್ದರೆ ಬೇಕಾದ್ದು ಮಾನೊ ಕಾರ್ಟ್ರಿಡ್ಜ್ (ಮುಳ್ಳು ಕೂರುವ ಭಾಗ), ತುದಿಯ ತ್ರಿಜ್ಯ 1 ಮಿಲ್, ಅಂದರೆ ಇಂಚಿನ ಸಾವಿರದ ಒಂದು ಭಾಗ, ಇರುವ ಶಂಕುವಿನಾಕಾರದ ಮುಳ್ಳು. ಈಗಿನ ಸ್ಟೀರಿಯೊ ಮುಳ್ಳು 0.7 ಮಿಲ್ ಆಸುಪಾಸು; ಹಳೆಯ ಅಗಲ ಗೀರಿನೊಳಗೆ ತೀರಾ ಕೆಳಗಿಳಿದು ದೂಳು, ಸವೆತವನ್ನೇ ಕೇಳಿಸುತ್ತದೆ. 78ರ ಪ್ಲೇಟಿಗೆ 3 ಮಿಲ್ ಬೇಕು, ಅದನ್ನು ಇದಕ್ಕೆ ಬಳಸಿದರೆ ಪ್ಲೇಟು ಹೋಯಿತು. ಎಲ್ಲವೂ ವಿನೈಲ್ ಅಲ್ಲ ಎಂಬುದೂ ನೆನಪಿರಲಿ. ಹಗುರವಾಗಿ, ಬಾಗದೆ, ಲೇಬಲ್ ಮೇಲಿಂದ ಅಂಟಿಸಿದಂತಿದ್ದರೆ ಅದು ಸ್ಟೈರೀನ್ ಎಂಬ ಇನ್ನೊಂದು ಪ್ಲಾಸ್ಟಿಕ್. ಭಾರದ ಮುಳ್ಳಿಗೆ ಬೇಗ ಸವೆಯುತ್ತದೆ. ರೇಡಿಯೊದವರು ಶುರುವಿನಲ್ಲೇ ಹಿಂದೆ ಮುಂದೆ ತಿರುಗಿಸಿ ಹೊಂದಿಸಿದ ಪ್ಲೇಟಾದರೆ ಮೊದಲ ಕೆಲವು ಸೆಕೆಂಡು ಬರಿ ಚರಚರ. ನುಣುಪು ಜಾಗದಲ್ಲಿ ಪುಟ್ಟ ತ್ರಿಕೋನ ಮತ್ತು ಅಂಕಿ ಇದ್ದರೆ ಲಾಸ್ ಏಂಜಲೀಸ್‌ನ ಮೊನಾರ್ಕ್ ಕಾರ್ಖಾನೆಯ ಒತ್ತು. ಆರ್‌ಸಿಎ ಕಾರ್ಖಾನೆಯದಾದರೆ ಮೊದಲ ಅಕ್ಷರವೇ ವರ್ಷ: ಜಿ ಎಂದರೆ 1956, ಎಚ್ 1957, ಐ ಬಿಟ್ಟು ಜೆ 1958.

ಇಂಥ ಗೀರು ಓದುವ ಹುಚ್ಚು ಶುರುವಾದದ್ದು ಆ ಕಾಲದಲ್ಲೇ. ನ್ಯೂಯಾರ್ಕಿನ 42ನೇ ಬೀದಿಯ ಸುರಂಗ ರೈಲು ನಿಲ್ದಾಣದ ಅಂಗಡಿ ಸಾಲಿನಲ್ಲಿ 1959ರಲ್ಲಿ ಟೈಮ್ಸ್ ಸ್ಕ್ವೇರ್ ರೆಕಾರ್ಡ್ಸ್ ತೆರೆಯಿತು. ನಾಲ್ಕೈದು ವರ್ಷ ಹಿಂದಿನ, ಯಾರಿಗೂ ಬೇಡವಾದ ಪ್ಲೇಟುಗಳನ್ನು ತಂದುಕೊಟ್ಟವರಿಗೆ ಅಲ್ಲಿ ಬೆಲೆ ಸಿಗುತ್ತಿತ್ತು. ಕ್ವೀನ್ಸ್‌ನ ಕ್ಯಾಪ್ರಿಸ್ ಎಂಬ ಗುಂಪು 1958ರಲ್ಲಿ ಪ್ಲಾನೆಟ್ ಎಂಬ ಲೇಬಲ್ಲಿಗೆ 'ದೇರ್ಸ್ ಎ ಮೂನ್ ಔಟ್ ಟುನೈಟ್' ಹಾಡಿ, ಅದು ಓಡದೆ, ಚದುರಿಹೋಗಿತ್ತು. ಆ ಅಂಗಡಿಯಲ್ಲಿ ಕೆಲಸಕ್ಕಿದ್ದ ಜೆರಿ ಗ್ರೀನ್ 1960ರಲ್ಲಿ ಅದನ್ನು ತಮ್ಮದೇ ಲಾಸ್ಟ್-ನೈಟ್ ಲೇಬಲ್ಲಿನಲ್ಲಿ ಮತ್ತೆ ಒತ್ತಿಸಿದರು. ಅಲ್ಲಿಂದ ಓಲ್ಡ್ ಟೌನ್ ಎಂಬ ದೊಡ್ಡ ಲೇಬಲ್ಲಿಗೆ. 1961ರ ಆರಂಭದಲ್ಲಿ ಹಾಡು 3ನೇ ಜಾಗದಲ್ಲಿತ್ತು. ಚದುರಿದ್ದ ಐವರು ಮತ್ತೆ ಸೇರಿ ವೇದಿಕೆ ಹತ್ತಿದರು. ಮೂರೂ ಲೇಬಲ್ಲುಗಳಲ್ಲಿ ಇರುವುದು 1958ರ ಅದೇ ಟೇಪು. ಹಾಡಿನ ಕೊನೆಯಲ್ಲಿ ದನಿಗಳು ಒಂದರ ಮೇಲೊಂದು ಬಂದು ಕೂರುತ್ತವೆ, ತುದಿಯಲ್ಲಿ ಕಳ್ಳದನಿ. ಮೊದಲ ಸಲ ಅದನ್ನು ಕೊಂಡು ಕೇಳಿದವರು ಬೆರಳೆಣಿಕೆಯಷ್ಟು ಜನ.